ನಿವೃತ್ತರ ಸಂಜೆ ಮತ್ತು ಅಟ್ಟದ ಮೇಲಿನ ಪೇಟಿ

ನಮ್ಮ ಮನೆಯ ಅಟ್ಟದ ಮೇಲೆ ಎರಡೂವರೆ ವರ್ಷ ಒಂದು ಹಾರ್ಮೋನಿಯಂ ಧೂಳು ತಿನ್ನುತ್ತಾ ಬಿದ್ದಿತ್ತು. ಅದನ್ನು ಅಲ್ಲಿಗೆ ಹತ್ತಿಸಿದವನು ನಾನೇ.

ನನ್ನ ತಂದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ರೈಲಿನ ಬೋಗಿಗಳನ್ನು ಬಿಚ್ಚಿ, ದುರಸ್ತಿ ಮಾಡಿ, ಮತ್ತೆ ಜೋಡಿಸಿ ಕಳುಹಿಸುವ ಕೆಲಸ. 36 ವರ್ಷ ದುಡಿದು 2009ರಲ್ಲಿ ಅರವತ್ತು ತುಂಬಿ ನಿವೃತ್ತರಾದರು. ಹಾರ, ಶಾಲು, ಫಲಪುಷ್ಪ, ಒಂದು ಗೋಡೆ ಗಡಿಯಾರ. ಮರುದಿನ ಬೆಳಗ್ಗೆ ಪಾಳಿಯ ಭೋಂಗಾ ಕೂಗಿದಾಗ ಅಬ್ಬಾ ಎಂದಿನಂತೆ ಬೂಟು ಹಾಕಿಕೊಂಡು ಹೊಸ್ತಿಲ ತನಕ ಬಂದರು. ಅಲ್ಲೇ ನಿಂತರು. ಅಮ್ಮಿ ಅಡುಗೆಮನೆಯಿಂದ ನೋಡಿದರು, ಏನೂ ಹೇಳಲಿಲ್ಲ. ಅಬ್ಬಾ ತಿರುಗಿ ಬಂದು ಕುರ್ಚಿಯಲ್ಲಿ ಕುಳಿತು ನಿಧಾನವಾಗಿ ಲೇಸು ಬಿಚ್ಚಿದರು. ಆ ದೃಶ್ಯಕ್ಕೆ ನಾವು ಮಕ್ಕಳು ನಕ್ಕಿದ್ದೆವು. ಈಗ ನೆನಪಾದರೆ ನಗು ಬರುವುದಿಲ್ಲ.

ಮೊದಲ ತಿಂಗಳು ಮದುವೆ, ಮುಂಜಿ, ನೆಂಟರ ಮನೆ ಎಂದು ಕಳೆಯಿತು. ಎರಡನೆಯ ತಿಂಗಳಿನಿಂದ ಅಮ್ಮಿಯ ಕಷ್ಟ ಶುರುವಾಯಿತು. ಹಾಲಿನ ಪ್ಯಾಕೆಟು ಎಷ್ಟು ಬಂತು, ಗ್ಯಾಸ್ ಸಿಲಿಂಡರ್ ಎಷ್ಟು ದಿನಕ್ಕೆ ಮುಗಿಯಿತು, ಈರುಳ್ಳಿಯನ್ನು ಇಷ್ಟು ದಪ್ಪ ಏಕೆ ಹೆಚ್ಚುತ್ತೀ ಎಂದು ತಪಾಸಣೆ. 36 ವರ್ಷ ನಟ್ಟು ಬೋಲ್ಟುಗಳ ಮೇಲಿದ್ದ ಕಣ್ಣು ಈಗ ಅಡುಗೆಮನೆಯ ಡಬ್ಬಿಗಳ ಮೇಲೆ ಬಿದ್ದಿತ್ತು. "ನಿಮ್ಮ ಅಬ್ಬಾ ರಿಟೈರ್ ಆದರು, ನನಗೆ ಸೂಪರ್‌ವೈಸರ್ ಬಂದರು" ಎಂದು ಅಮ್ಮಿ ಅಕ್ಕನಿಗೆ ಫೋನಿನಲ್ಲಿ ಹೇಳುತ್ತಿದ್ದರು. ಈ ಮಾತು ಓದುವ ಎಷ್ಟೋ ಗೃಹಿಣಿಯರು ತಲೆಯಾಡಿಸುತ್ತಿರಬಹುದು.

ಅದೇ ದಿನಗಳಲ್ಲಿ ಅಬ್ಬಾ ಒಂದು ಹಳೆಯ ಹಾರ್ಮೋನಿಯಂ ಕೊಂಡು ತಂದರು. ನಮ್ಮ ಕಡೆ ಅದನ್ನು ಪೇಟಿ ಎನ್ನುತ್ತಾರೆ. ಹುಡುಗನಾಗಿದ್ದಾಗ ಅವರ ಊರಿಗೆ ನಾಟಕ ಕಂಪೆನಿ ಬಂದು ತಿಂಗಳುಗಟ್ಟಲೆ ಕ್ಯಾಂಪ್ ಮಾಡುತ್ತಿತ್ತಂತೆ. ಕಂಪೆನಿಯ ಪೇಟಿ ಮಾಸ್ತರರಿಗೆ ಚಹಾ, ಎಲೆ ಅಡಿಕೆ ತಂದುಕೊಡುವ ಹುಡುಗ ಇವರು. ಪ್ರತಿಫಲವಾಗಿ ಮಾಸ್ತರರು ಮಧ್ಯಾಹ್ನ ಅರ್ಧ ಗಂಟೆ ಬೆರಳು ಇಡಲು ಕಲಿಸುತ್ತಿದ್ದರು. ಕಂಪೆನಿ ಊರು ಬಿಟ್ಟಿತು, ಅಬ್ಬಾನಿಗೆ ನೌಕರಿ ಸಿಕ್ಕಿತು, ನಾವು ಐದು ಮಕ್ಕಳಾದೆವು. ಪೇಟಿಯ ಮಾತನ್ನು ಅವರು ನಮ್ಮೆದುರು ಒಮ್ಮೆಯೂ ಆಡಿದ್ದಿಲ್ಲ.

ಆಗ ನಾನು ಮದ್ರಸದ ಓದು ಮುಗಿಸಿ, ಬಿ.ಎ. ಕೂಡ ಪೂರೈಸಿ ಹೊಸದಾಗಿ ಶಿಕ್ಷಕನಾಗಿದ್ದೆ. ಓದಿದ ಕಿತಾಬುಗಳ ಬಿಸಿ ಇನ್ನೂ ಆರಿರಲಿಲ್ಲ. ಮಗ್ರಿಬ್ ನಮಾಝಿಗೆ ಮುನ್ನ ಮನೆಗೆ ಬಂದಾಗ ಒಳಗಿನಿಂದ ಪೇಟಿಯ ಸದ್ದು. ಚಪ್ಪಲಿ ಬಿಡುತ್ತಲೇ ಕೇಳಿದೆ: "ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಅಬ್ಬಾ? ನಾಳೆ ನನ್ನ ಬಗ್ಗೆ ಜನ ಏನಂತಾರೆ?" ನೋಡಿ, ಧರ್ಮದ ಮಾತಿನಲ್ಲಿ ಶುರುವಾದದ್ದು ಎರಡನೆಯ ವಾಕ್ಯಕ್ಕೇ ನನ್ನ ಮರ್ಯಾದೆಯ ಮಾತಾಗಿತ್ತು. ಅಬ್ಬಾ ವಾದ ಮಾಡಲಿಲ್ಲ. ತಿದಿಯ ಕೊಂಡಿ ಹಾಕಿದರು, ಮುಚ್ಚಳ ಮುಚ್ಚಿದರು. ನಾನೇ ಏಣಿ ಇಟ್ಟು ಪೇಟಿಯನ್ನು ಅಟ್ಟಕ್ಕೆ ಏರಿಸಿದೆ.

ಆಮೇಲೆ ಅಬ್ಬಾ ಅಡುಗೆಮನೆಯ ತಪಾಸಣೆಯನ್ನೂ ಬಿಟ್ಟರು. ಹಗಲಲ್ಲಿ ಮಲಗುವುದು, ರಾತ್ರಿ ಎಚ್ಚರವಿರುವುದು. ಟಿ.ವಿ. ಹಾಕಿದರೆ ಹಾಕಿದ ಚಾನೆಲ್ಲೇ. ಬಿ.ಪಿ.ಯ ಮಾತ್ರೆ ಒಂದಿದ್ದದ್ದು ಎರಡಾಯಿತು. ಪಿಂಚಣಿ ಸಮಯಕ್ಕೆ ಬರುತ್ತಿತ್ತು, ಮಕ್ಕಳು ಒಳ್ಳೆಯವರು, ಮನೆ ಸ್ವಂತದ್ದು. ಇನ್ನೇನು ಬೇಕು ಎಂದು ನಾನು ನಿಜವಾಗಿಯೂ ಅಂದುಕೊಂಡಿದ್ದೆ.

ಒಂದು ದಿನ ಬಟ್ಟೆ ಒಗೆಯುವಾಗ ಅಬ್ಬಾನ ಅಂಗಿಯ ಜೇಬಿನಲ್ಲಿ ಅಮ್ಮಿಗೆ ಪ್ಲಾಟ್‌ಫಾರಂ ಟಿಕೇಟುಗಳು ಸಿಕ್ಕವು. ಒಂದಲ್ಲ, ಹತ್ತು ಹನ್ನೆರಡು. ವಿಚಾರಿಸಿದರೆ, ಅವರು ದಿನವೂ ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದರಂತೆ. ರೈಲು ಬೋಗಿಯ ತುದಿಯಲ್ಲಿ, ಅದರ ದುರಸ್ತಿ ಯಾವ ವರ್ಕ್‌ಶಾಪಿನಲ್ಲಿ ಯಾವಾಗ ಆಯಿತು, ಮತ್ತೆ ಯಾವಾಗ ಬರಬೇಕು ಎಂದು ಬಣ್ಣದಲ್ಲಿ ಬರೆದಿರುತ್ತಾರೆ. ಅಬ್ಬಾ ಅದನ್ನು ಓದುತ್ತಾ ಒಂದೊಂದೇ ಗಾಡಿಯನ್ನು ನೋಡುತ್ತಿದ್ದರು. ತಮ್ಮ ಕೈಯಲ್ಲಿ ಹಾದುಹೋದ ಬೋಗಿ ಕಂಡರೆ ಎದ್ದು ಹತ್ತಿರ ಹೋಗುತ್ತಿದ್ದರು.

ಆ ವಾರವೇ ನಾನು ನನ್ನ ಉಸ್ತಾದರನ್ನು ಕಾಣಲು ಹೋದೆ. ಅಬ್ಬಾನ ವಿಷಯ ಹೇಳುತ್ತಾ ಪೇಟಿಯನ್ನು ನಿಲ್ಲಿಸಿದ ಕಥೆಯನ್ನೂ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಉಸ್ತಾದರಿಗೆ ಆಗ ಎಪ್ಪತ್ತು ದಾಟಿತ್ತು. ದಿನವೂ ಬೆಳಗ್ಗೆ ಎರಡು ಗಂಟೆ ಬಿದಿರಿನ ಲೇಖನಿಯಿಂದ ಅರಬಿ ಖತ್ ಬರೆಯುವುದು ಅವರ ಹವ್ಯಾಸ. ಒಂದೇ ಅಕ್ಷರವನ್ನು ನೂರು ಸಲ ಬರೆಯುತ್ತಾರೆ, ಚೆನ್ನಾಗಿ ಬಂದ ಹಾಳೆಯನ್ನು ಯಾವನಾದರೂ ಹಳೆಯ ಶಿಷ್ಯನಿಗೆ ಅಂಚೆಯಲ್ಲಿ ಕಳುಹಿಸುತ್ತಾರೆ. ವಾದ್ಯ ಸಂಗೀತ ಅವರಿಗೆ ಒಪ್ಪಿಗೆಯಿಲ್ಲ. ಹಾಗಾಗಿ ಶಹಬಾಸ್ ಸಿಗಬಹುದೆಂದು ನಾನು ನಿರೀಕ್ಷಿಸಿದ್ದೆ. ಅವರು ಲೇಖನಿಯನ್ನು ಒರೆಸಿ ಕೆಳಗಿಟ್ಟು ಕೇಳಿದರು: "ಅದನ್ನು ತೆಗೆದೆ, ಸರಿ. ಅದರ ಜಾಗದಲ್ಲಿ ಏನು ಕೊಟ್ಟೆ?"

ನನ್ನಲ್ಲಿ ಉತ್ತರವಿರಲಿಲ್ಲ.

ಈ ವಿಷಯದಲ್ಲಿ ನಮ್ಮ ವಿದ್ವಾಂಸರಲ್ಲಿ ಇರುವ ಭಿನ್ನಾಭಿಪ್ರಾಯವನ್ನು ಮುಚ್ಚಿಡುವ ಅಗತ್ಯವಿಲ್ಲ. ನಾಲ್ಕೂ ಮದ್‌ಹಬ್‌ಗಳ ಬಹುಪಾಲು ವಿದ್ವಾಂಸರು ವಾದ್ಯಗಳನ್ನು ಒಪ್ಪಿಲ್ಲ. ಸ್ಪೇನಿನ ಇಬ್ನ್ ಹಝ್ಮ್‌ರಂಥವರು ಅನುಮತಿಸಿದ್ದಾರೆ. ಇಮಾಮ್ ಗಝ್ಝಾಲಿಯವರು ತಮ್ಮ ಇಹ್ಯಾ ಗ್ರಂಥದಲ್ಲಿ ಹಾಡು ಕೇಳುವುದರ ಬಗ್ಗೆಯೇ ಒಂದು ಇಡೀ ಭಾಗ ಬರೆದು, ಯಾವ ಹಾಡು, ಎಂತಹ ಸಂದರ್ಭ, ಕೇಳುವವನ ಮನಸ್ಸು ಎಂಥದು ಎಂದೆಲ್ಲ ಬಿಡಿಸಿ ನೋಡಿದ್ದಾರೆ. ಈದ್ ಮತ್ತು ಮದುವೆಗಳಲ್ಲಿ ದಫ್ ಬಾರಿಸಿ ಹಾಡುವುದಕ್ಕೆ ಹದೀಸ್‌ಗಳಲ್ಲೇ ಆಧಾರವಿದೆ. ಯಾವ ಮನೆಯವರು ಯಾವ ಅಭಿಪ್ರಾಯದಂತೆ ನಡೆಯುತ್ತಾರೋ ಅದು ಅವರಿಗೆ ಬಿಟ್ಟದ್ದು. ನಾನು ಇಲ್ಲಿ ಫತ್ವಾ ಬರೆಯುತ್ತಿಲ್ಲ. ಮುದುಕನೊಬ್ಬನ ಕೈಯಿಂದ ಒಂದನ್ನು ಕಿತ್ತುಕೊಂಡು, ಬರಿಗೈಯಲ್ಲಿ ಕೂರಿಸಿ, ಅದನ್ನು ಪುಣ್ಯವೆಂದು ಲೆಕ್ಕ ಬರೆದುಕೊಂಡೆನಲ್ಲ, ನನ್ನ ತಪ್ಪು ಅದು.

2012ರ ಆರಂಭದಲ್ಲಿ ಪೇಟಿಯನ್ನು ಇಳಿಸಿದೆ. ತಿದಿಯ ಚರ್ಮವನ್ನು ಇಲಿ ಕಡಿದಿತ್ತು. ಒಳಗಿನ ಹಿತ್ತಾಳೆಯ ರೀಡುಗಳು ಮಂಕಾಗಿದ್ದವು, ಕೆಲವು ಉಸಿರೇ ಎತ್ತುತ್ತಿರಲಿಲ್ಲ. ರಿಪೇರಿಗೆ ಕೊಡೋಣವೆಂದೆ. ಅಬ್ಬಾ ನನ್ನನ್ನು ವಿಚಿತ್ರವಾಗಿ ನೋಡಿ, "36 ವರ್ಷ ನಾನು ಏನು ಮಾಡಿದೆ ಅಂದುಕೊಂಡಿದ್ದೀ?" ಎಂದರು. ಅಂಗಳದಲ್ಲಿ ಚಾಪೆ ಹಾಸಿ ಪೂರ್ತಿ ಪೇಟಿಯನ್ನು ಬಿಚ್ಚಿ ಸಾಲಾಗಿ ಜೋಡಿಸಿಟ್ಟರು. ರೀಡಿನ ತುದಿಯನ್ನು ಒಂದಿಷ್ಟು ಕೆರೆದರೆ ಸ್ವರ ಏರುತ್ತದೆ, ಬುಡದ ಕಡೆ ಕೆರೆದರೆ ಇಳಿಯುತ್ತದೆ ಎಂದು ನನಗೆ ತಿಳಿದದ್ದು ಆಗಲೇ. ಕೂದಲೆಳೆಯಷ್ಟು ಹೆಚ್ಚು ಕೆರೆದರೂ ರೀಡು ಹಾಳು. ಮೂರು ವಾರ ಅವರು ಹಗಲು ಮಲಗಲಿಲ್ಲ. ರಾತ್ರಿ ಎದ್ದು ಕೂರಲೂ ಇಲ್ಲ.

ಇದೇ ಹಾರ್ಮೋನಿಯಮ್ಮನ್ನು ಆಕಾಶವಾಣಿ 1940ರಲ್ಲಿ ನಿಷೇಧಿಸಿತ್ತು. ಹಿಂದುಸ್ತಾನಿ ರಾಗಗಳ ಸೂಕ್ಷ್ಮ ಸ್ವರಗಳು ಅದರಲ್ಲಿ ನುಡಿಯುವುದಿಲ್ಲ ಎಂಬುದು ಒಂದು ಮುಖ್ಯ ಆಕ್ಷೇಪ. 1971ರಲ್ಲಿ ನಿಷೇಧ ತೆರವಾಯಿತು. ಅಬ್ಬಾನಿಗೆ ಇದನ್ನು ಹೇಳಿದಾಗ, "ಅವರದು ಮೂವತ್ತು ವರ್ಷ, ನಿನ್ನದು ಎರಡೂವರೆ. ನೀನೇ ವಾಸಿ" ಎಂದರು. ಆ ಬಗ್ಗೆ ಅವರು ನನಗೆ ಹೇಳಿದ ಒಂದೇ ಒಂದು ಮಾತು ಅದು.

ಆದರೂ ಅಬ್ಬಾನನ್ನು ಬದುಕಿಸಿದ್ದು ಪೇಟಿ ಮಾತ್ರವೆಂದು ನಾನು ಹೇಳಲಾರೆ. ರಿಪೇರಿ ಮುಗಿದ ಮೇಲೆ ಮತ್ತೆ ನಾಲ್ಕು ದಿನ ಸಪ್ಪಗಿದ್ದರು. ಒಬ್ಬರೇ ಕುಳಿತು ನುಡಿಸಿ ಬೇಸತ್ತು ಎದ್ದುಬಿಡುತ್ತಿದ್ದರು. ನಿಜವಾದ ಬದಲಾವಣೆ ಬಂದದ್ದು ಓಣಿಯ ಇನ್ನೂ ಮೂವರು ಬಂದು ಸೇರಿದ ಮೇಲೆ. ಒಬ್ಬರು ನಿವೃತ್ತ ಕನ್ನಡ ಶಾಲೆಯ ಮಾಸ್ತರರು, ಒಬ್ಬರು ಬಸ್ ಡ್ರೈವರ್ ಆಗಿದ್ದವರು, ಇನ್ನೊಬ್ಬರು ಟೇಲರ್ ಚಾಚಾ. ಟೇಲರ್‌ಗೆ ನಿವೃತ್ತಿ ಎಲ್ಲಿಯದು? ಕಣ್ಣು ಸೂಜಿಗೆ ದಾರ ಪೋಣಿಸಲು ಬಿಡದಿದ್ದಾಗ ಅಂಗಡಿ ಮುಚ್ಚಿದ್ದರು, ಅಷ್ಟೇ. ಶನಿವಾರ ಸಂಜೆ ಐದು ಗಂಟೆ ಎಂದು ಗೊತ್ತುಮಾಡಿದರು. ಮಗ್ರಿಬ್ ಅಝಾನ್‌ಗೆ ಮುನ್ನ ಪೇಟಿ ಮುಚ್ಚಬೇಕು. ಈ ಎರಡು ನಿಯಮಗಳನ್ನು ಹತ್ತು ವರ್ಷ ಯಾರೂ ಮುರಿಯಲಿಲ್ಲ.

ಏನು ಹಾಡುತ್ತಿದ್ದರು? ಕೈಗೆ ಸಿಕ್ಕಿದ್ದೆಲ್ಲ. ಹಳೆಯ ನಾಟಕದ ಪದ, ನಅತ್, ಐವತ್ತು ಅರವತ್ತರ ದಶಕದ ಹಿಂದಿ ಸಿನಿಮಾ ಹಾಡು. ಶಿಶುನಾಳ ಶರೀಫರ ಪದಗಳಿಲ್ಲದೆ ನಮ್ಮ ಕಡೆಯ ಯಾವ ಕೂಟವೂ ಮುಗಿಯುವುದಿಲ್ಲ. ಶರೀಫರು ಕೂಡ ಒಂದು ಕಾಲಕ್ಕೆ ಶಾಲಾ ಮಾಸ್ತರರೇ ಆಗಿದ್ದರೆಂದು ನಮ್ಮ ಮಾಸ್ತರರಿಗೆ ವಿಶೇಷ ಅಭಿಮಾನ. ಅವರಿಗೆ ಇನ್ನೊಂದು ಸಂಪತ್ತೂ ಇತ್ತು, ರಿವಾಯತ್ ಪದಗಳು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಸಮಯದಲ್ಲಿ ಕರ್ಬಲಾದ ಕಥೆಯನ್ನು ಅಚ್ಚ ಕನ್ನಡದಲ್ಲಿ ಹಾಡುವ ಪರಂಪರೆಯದು. ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ, ಮುಸ್ಲಿಮರೂ ಇರುತ್ತಾರೆ. ಮೊಹರಂನ ಎಲ್ಲ ಆಚರಣೆಗಳಿಗೂ ನನ್ನ ಒಪ್ಪಿಗೆ ಇಲ್ಲ. ಆದರೆ ಲಿಂಗಾಯತ ಮನೆತನದ ಆ ಮಾಸ್ತರರು ನಮ್ಮ ಪಡಸಾಲೆಯಲ್ಲಿ ಕಣ್ಣುಮುಚ್ಚಿ ಇಮಾಮ್ ಹುಸೈನರ ಬಾಯಾರಿಕೆಯನ್ನು ಹಾಡುತ್ತಿದ್ದಾಗ ಬಾಗಿಲಾಚೆ ನಿಂತ ನನ್ನ ಕಣ್ಣು ಒದ್ದೆಯಾದದ್ದುಂಟು. ನನ್ನ ತರಗತಿಯ ಮಕ್ಕಳಿಗೆ ಕರ್ಬಲಾದ ಬಗ್ಗೆ ನಾನು ಅಷ್ಟು ಚೆನ್ನಾಗಿ ಹೇಳಿದ್ದಿಲ್ಲ.

ಹಾಡಿನಲ್ಲಿ ಶಾಸ್ತ್ರ ಕಡಿಮೆ, ಜಗಳ ಜಾಸ್ತಿ. ವಯಸ್ಸಾದಂತೆ ಗಂಟಲು ಮೇಲಕ್ಕೆ ಏರುವುದಿಲ್ಲ. ಕರಿ ಒಂದರಲ್ಲಿ ಹಾಡುತ್ತಿದ್ದವರು ವರ್ಷ ಕಳೆದಂತೆ ಕರಿ ಐದಕ್ಕೆ ಇಳಿದರು. ಯಾರ ಗಂಟಲಿಗೆ ತಕ್ಕಂತೆ ನುಡಿಸಬೇಕೆಂದು ಪ್ರತಿವಾರ ವಾದ. ಮಾಸ್ತರರಿಗೆ ಕಿವಿ ಮಂದವಾಗಿತ್ತು, ಅವರು ಯಾವಾಗಲೂ ಒಂದು ಸಾಲು ಮುಂದಿರುತ್ತಿದ್ದರು. ಚಳಿಗಾಲದ ಬೆಳಗ್ಗೆ ಬೆರಳು ಮಡಚಲು ಬಾರದ ಅಬ್ಬಾ ಶನಿವಾರ ಬಂತೆಂದರೆ ನಾಲ್ಕೂವರೆಗೇ ಬಿಸಿನೀರಿನ ಬೋಗುಣಿಯಲ್ಲಿ ಕೈ ಇಟ್ಟುಕೊಂಡು ಕೂರುತ್ತಿದ್ದರು. ಯಾರಾದರೂ ಐದೂಕಾಲಾದರೂ ಬರದಿದ್ದರೆ ಮೊಮ್ಮಗನನ್ನು ಓಡಿಸಿ ವಿಚಾರಿಸುತ್ತಿದ್ದರು. ಡ್ರೈವರ್ ಕಾಕಾರಿಗೆ ಲಕ್ವ ಹೊಡೆದದ್ದು ಗೊತ್ತಾದದ್ದೂ ಹಾಗೆಯೇ. ಮನೆಯಲ್ಲಿ ಒಬ್ಬರೇ ಇದ್ದರು. ಐದೂವರೆಗೆ ಹುಡುಗ ಹೋಗಿ ನೋಡಿದ, ಆರಕ್ಕೆ ಆಸ್ಪತ್ರೆಯಲ್ಲಿದ್ದರು. ಎಡಗೈ ಹೋಯಿತು, ಜೀವ ಉಳಿಯಿತು.

ನೌಕರಿ ಮನುಷ್ಯನಿಗೆ ಸಂಬಳದ ಜೊತೆ ಇನ್ನೊಂದನ್ನೂ ಕೊಡುತ್ತದೆ. ನೀವು ಇಂದು ಹೋಗದಿದ್ದರೆ ಯಾರೋ ಒಬ್ಬರು ಹಾಜರಿ ಪುಸ್ತಕ ನೋಡಿ "ಇವತ್ತು ಏಕೆ ಬಂದಿಲ್ಲ?" ಎಂದು ಕೇಳುತ್ತಾರೆ. ನಿವೃತ್ತಿಯ ನಂತರ ಪಿಂಚಣಿ ಬರುತ್ತದೆ, ಈ ಪ್ರಶ್ನೆ ಬರುವುದಿಲ್ಲ. ಹವ್ಯಾಸ ಇರಬೇಕು ಎಂದು ಎಲ್ಲರೂ ಉಪದೇಶ ಮಾಡುತ್ತಾರೆ. ಆದರೆ ಟಿ.ವಿ. ಮುಂದೆ ಕೂತು ಹಾಡು ಕೇಳುವುದೂ, ಮೊಬೈಲಿನಲ್ಲಿ ಬೆರಳಾಡಿಸುವುದೂ ಹವ್ಯಾಸವೆಂದು ಹೇಳಿಕೊಳ್ಳಬಹುದು. ಅವುಗಳಲ್ಲಿ ನೀವು ಗೈರುಹಾಜರಾದರೆ ಯಾರಿಗೂ ಗೊತ್ತಾಗುವುದಿಲ್ಲ.

ಸಂಶೋಧಕರ ಮಾತನ್ನೂ ನೋಡೋಣ. ಅಮೆರಿಕದ ನ್ಯೂಯಾರ್ಕಿನಲ್ಲಿ 75 ದಾಟಿದ 469 ಮಂದಿಯನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2003ರಲ್ಲಿ ಅಲ್ಲಿನ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಓದುವವರು, ಮಣೆ ಆಟ ಆಡುವವರು, ವಾದ್ಯ ನುಡಿಸುವವರಲ್ಲಿ ಮರೆಗುಳಿತನದ ಕಾಯಿಲೆ ಕಡಿಮೆ ಕಂಡುಬಂತು. ಇದನ್ನು ಹಿಡಿದುಕೊಂಡು ಪೇಟಿ ನುಡಿಸಿದರೆ ಮರೆವು ಬರುವುದೇ ಇಲ್ಲ ಎಂದು ಬರೆಯುವವರಿದ್ದಾರೆ. ಅದು ಅತಿಯಾಯಿತು. ಒಳಗೊಳಗೇ ಮರೆವು ಶುರುವಾದವರು ಮೊದಲು ಇಂತಹ ಹವ್ಯಾಸಗಳನ್ನೇ ಬಿಡುತ್ತಾರೆ ಎಂಬ ಸಾಧ್ಯತೆಯೂ ಇದೆಯಲ್ಲ?

ನನಗೆ ಹೆಚ್ಚು ನಂಬಿಕೆ ಬಂದದ್ದು ಸ್ಯಾನ್‌ಫ್ರಾನ್ಸಿಸ್ಕೋದ ಇನ್ನೊಂದು ಪ್ರಯೋಗದಿಂದ. ಹಿರಿಯರಿಗಾಗಿಯೇ ಇರುವ 12 ಕೇಂದ್ರಗಳಲ್ಲಿ ಅರವತ್ತು ದಾಟಿದ 390 ಮಂದಿಯನ್ನು ತೆಗೆದುಕೊಂಡು, ಅರ್ಧ ಕೇಂದ್ರಗಳಲ್ಲಿ ವಾರವಾರ ಕೂಡಿ ಹಾಡುವ ಗುಂಪು ತಕ್ಷಣ ಆರಂಭಿಸಿದರು, ಉಳಿದ ಅರ್ಧಕ್ಕೆ ಆರು ತಿಂಗಳು ಕಾಯಲು ಹೇಳಿದರು. 2018ರಲ್ಲಿ ಫಲಿತಾಂಶ ಬಂತು. ನೆನಪಿನ ಶಕ್ತಿಯಲ್ಲಿ, ಮೈಯ ಸಮತೋಲನದಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಆದರೆ ಹಾಡಿದವರಲ್ಲಿ ಒಂಟಿತನ ಕಡಿಮೆಯಾಗಿತ್ತು, ಬದುಕಿನ ಮೇಲಿನ ಆಸಕ್ತಿ ಹೆಚ್ಚಿತ್ತು. ಅಬ್ಬಾನ ವಿಷಯದಲ್ಲೂ ಹೀಗೆಯೇ. ಬಿ.ಪಿ. ಮಾತ್ರೆ ಎರಡು ಇದ್ದದ್ದು ಎರಡೇ ಉಳಿಯಿತು. ಮಂಡಿನೋವು ಹೋಗಲಿಲ್ಲ. ಶುಕ್ರವಾರ ರಾತ್ರಿಯೇ ಶರ್ಟಿಗೆ ಇಸ್ತ್ರಿ ಹಾಕಿಸಿಡುತ್ತಿದ್ದರು ಎಂಬುದಷ್ಟೇ ಹೊಸದು.

ಮುಪ್ಪಿನಲ್ಲಿ ಸಂಗೀತ ಎಂದಾಗ ಸಾಮಾನ್ಯವಾಗಿ ದೊಡ್ಡವರ ಹೆಸರು ಹೇಳುತ್ತಾರೆ. ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು 2006ರಲ್ಲಿ, 93ನೆಯ ವಯಸ್ಸಿನಲ್ಲಿ ಕೊನೆಯ ಕಛೇರಿ ಕೊಟ್ಟರು. ಅದೇ ವರ್ಷ ತೊಂಬತ್ತರಲ್ಲಿ ತೀರಿಕೊಂಡ ಉಸ್ತಾದ್ ಬಿಸ್ಮಿಲ್ಲಾ ಖಾನರದು ಶಹನಾಯಿಯೊಂದಿಗೇ ಮುಗಿದ ಬದುಕು. ಗೌರವದ ಮಾತೇ ಸರಿ. ಆದರೆ ಅವರೆಲ್ಲ ಬಾಲ್ಯದಿಂದ ಸಾಧನೆ ಮಾಡಿದವರು, ಅವರಿಗೆ ನಿವೃತ್ತಿ ಎಂಬುದೇ ಇಲ್ಲ. ಲೆಕ್ಕಪತ್ರ ಬರೆದು, ಬಸ್ಸು ಓಡಿಸಿ ಅರವತ್ತಕ್ಕೆ ಮನೆಗೆ ಬಂದವನಿಗೆ ಅವರ ಉದಾಹರಣೆ ಕೊಟ್ಟರೆ ಹೆದರಿಕೆಯೇ ಆಗುತ್ತದೆ. ಅವನಿಗೆ ಬೇಕಾದದ್ದು ಬೇಸುರಾದರೂ ಬೈಯದೆ ಚಹಾ ಕೊಡುವ ಒಂದು ಪಡಸಾಲೆ. ಭಾರತದಲ್ಲಿ ಅರವತ್ತು ಮುಟ್ಟಿದವರ ಮುಂದೆ ಸರಾಸರಿ ಹದಿನೇಳು ಹದಿನೆಂಟು ವರ್ಷಗಳ ಬದುಕಿದೆ. ಅಬ್ಬಾನ ಸರ್ವಿಸಿನ ಅರ್ಧದಷ್ಟು! ಅಷ್ಟು ದೀರ್ಘ ಕಾಲವನ್ನು "ವಿಶ್ರಾಂತಿ" ಎಂಬ ಒಂದು ಪದಕ್ಕೆ ಒಪ್ಪಿಸಿ ನಾವು ಸುಮ್ಮನಾಗುತ್ತೇವೆ.

ಇಷ್ಟೆಲ್ಲ ಬರೆದು ಅಮ್ಮಿಯ ವಿಷಯ ಬಿಟ್ಟರೆ ಅನ್ಯಾಯವಾದೀತು. ನಿವೃತ್ತಿ ಎಂಬುದು ಗಂಡಸರ ಶಬ್ದ. ಅಮ್ಮಿಗೆ ಅರವತ್ತು ತುಂಬಿದ ದಿನ ಯಾರೂ ಶಾಲು ಹೊದಿಸಲಿಲ್ಲ, ಮರುದಿನವೂ ರೊಟ್ಟಿ ಬಡಿಯಬೇಕಿತ್ತು. ಆದರೆ ಅವರಿಗೆ ಹೊತ್ತು ಕಳೆಯುವುದು ಹೇಗೆಂದು ಯಾರೂ ಕಲಿಸಬೇಕಾಗಿರಲಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಅವರದು ಕೌದಿಯ ಸಮಯ. ಹಳೆಯ ಸೀರೆ, ಲುಂಗಿ, ಮಕ್ಕಳ ಯೂನಿಫಾರ್ಮು ಎಲ್ಲವನ್ನೂ ಪದರಪದರವಾಗಿ ಹಾಸಿ, ನಾಲ್ಕು ಮೂಲೆಗೆ ನಾಲ್ವರು ಕೂತು ಹೊಲಿಯುತ್ತಾರೆ. ಕೈ ಹೊಲಿಗೆ ಹಾಕುತ್ತದೆ, ಬಾಯಿ ಓಣಿಯ ಸುದ್ದಿ ಹೇಳುತ್ತದೆ, ನಡುನಡುವೆ ಯಾರೋ ಸೋಬಾನೆ ಎತ್ತುತ್ತಾರೆ. ಮೊಮ್ಮಗು ಹುಟ್ಟುವ ಸುದ್ದಿ ಬಂದರೆ ಕೌದಿಗೆ ಗಡುವು ಬೀಳುತ್ತದೆ. ಪೇಟಿಯನ್ನು ಅಟ್ಟಕ್ಕೆ ಏರಿಸಿದ ದಿನ ಅಮ್ಮಿ ನನಗೆ ಹೇಳಿದ್ದರು, "ನಾಳೆ ನನ್ನ ಸೂಜಿಯನ್ನೂ ತೆಗೆದಿಡು." ಆಗ ನನಗೆ ಅದು ಅರ್ಥವಾಗಿರಲಿಲ್ಲ.

ಓದುಗರಲ್ಲಿ ನಿವೃತ್ತಿ ಸಮೀಪಿಸಿದವರಿದ್ದರೆ ಒಂದು ಮಾತು. ಅರವತ್ತು ಆಗಲಿ, ಆಮೇಲೆ ನೋಡೋಣ ಎನ್ನಬೇಡಿ. ಅಬ್ಬಾನ ಬೆರಳಿಗೆ ಪೇಟಿ ಮತ್ತೆ ಒಲಿದದ್ದು ಹತ್ತನೆಯ ವಯಸ್ಸಿನಲ್ಲಿ ಕಲಿತದ್ದರಿಂದ. ಐವತ್ತರಲ್ಲಿ ಶುರು ಮಾಡಿದ ಕೈತೋಟ, ಐವತ್ತೈದರಲ್ಲಿ ಹಿಡಿದ ಲೇಖನಿ ಅರವತ್ತಕ್ಕೆ ಕೈಗೆ ಬಂದಿರುತ್ತದೆ. ವಾದ್ಯ ಒಪ್ಪದ ಮನೆಯಲ್ಲಿ ಕಂಠವಿದೆ, ನಅತ್ ಇದೆ, ದಫ್ ಇದೆ. ನನ್ನ ಉಸ್ತಾದರ ಹಾಗೆ ಅಕ್ಷರವಿದೆ. ಏನಿದ್ದರೂ ವಾರಕ್ಕೆ ಒಂದು ದಿನ, ಒಂದು ಗಂಟೆ, ಇಬ್ಬರು ಮೂವರು ಜೊತೆಗಾರರನ್ನು ಗೊತ್ತುಮಾಡಿಕೊಳ್ಳಿ. ಮನೆಯ ಮಕ್ಕಳಿಗೆ ಹೇಳುವುದು ಇಷ್ಟೆ, ಆ ಹೊತ್ತಿಗೆ ಬ್ಯಾಂಕಿನ ಕೆಲಸ, ಮೊಮ್ಮಗನ ಟ್ಯೂಷನ್ ಎಂದು ಅವರನ್ನು ಎಬ್ಬಿಸಬೇಡಿ.

ಅಬ್ಬಾ 2022ರಲ್ಲಿ ತೀರಿಕೊಂಡರು, ಒಂದು ಬುಧವಾರ. ಶನಿವಾರ ಸಂಜೆ ಮನೆಯಲ್ಲಿ ನೆಂಟರಿದ್ದರು. ಐದು ಗಂಟೆಗೆ ಸರಿಯಾಗಿ ಮೂವರೂ ಬಂದು ಪಡಸಾಲೆಯಲ್ಲಿ ತಮ್ಮ ತಮ್ಮ ಜಾಗದಲ್ಲಿ ಕುಳಿತರು. ಏನೂ ಮಾತಾಡಲಿಲ್ಲ, ಚಹಾ ಕುಡಿದು ಮಗ್ರಿಬ್‌ಗೆ ಮುನ್ನ ಎದ್ದು ಹೋದರು. ಮುಂದಿನ ಶನಿವಾರವೂ ಬಂದರು, ಅದರ ಮುಂದಿನ ಶನಿವಾರವೂ. ಆರನೆಯ ವಾರ ಮಾಸ್ತರರು ಕೇಳಿದರು: "ಸರ, ಪೇಟಿ ಎಲ್ಲೈತ್ರಿ?"

ತಂದು ಮುಂದಿಟ್ಟೆ. ನುಡಿಸಲು ಬರುವುದು ಈಗ ಡ್ರೈವರ್ ಕಾಕಾರೊಬ್ಬರಿಗೆ, ಅದೂ ಅಬ್ಬಾನಿಂದ ಕಲಿತದ್ದು. ಆದರೆ ಅವರ ಎಡಗೈ ಏಳುವುದಿಲ್ಲ, ತಿದಿ ಒತ್ತುವವರು ಬೇರೆ ಬೇಕು. ಅವರು ನನ್ನ ಕಡೆ ನೋಡಿದರು. ನಾನು ಎದುರಿಗೆ ಕುಳಿತು ಕೊಂಡಿ ತೆಗೆದೆ. "ಸಾವಕಾಶ ಒತ್ರಿ, ಜಗ್ಗಬ್ಯಾಡ್ರಿ" ಎಂದರು.

ಶಾಲೆಯಲ್ಲಿ ಶನಿವಾರ ಮಧ್ಯಾಹ್ನದ ಸಭೆಗಳು ಆಗಾಗ ಬೀಳುತ್ತವೆ. ಐದರೊಳಗೆ ಮನೆಯಲ್ಲಿರಬೇಕು ಎಂದು ಮುಖ್ಯೋಪಾಧ್ಯಾಯರಿಗೆ ಹೇಳಿಟ್ಟಿದ್ದೇನೆ. ಹಿಂದಿನ ತಿಂಗಳು ಬಸ್ಸು ತಡವಾಗಿ ಓಣಿಯ ತಿರುವಿಗೆ ಬರುವಷ್ಟರಲ್ಲಿ ಐದೂಇಪ್ಪತ್ತಾಗಿತ್ತು. ನನ್ನ ಮಗ ಎದುರಿಗೆ ಓಡಿ ಬರುತ್ತಿದ್ದ. ಕಾಕಾ ಕಳುಹಿಸಿದ್ದರಂತೆ.